ಅತ್ತೆ ಹೇಳಿದ ಸ್ತೋತ್ರ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ನಾನು ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಮನೆ ಬೆಟಗೇರಿಯಲ್ಲಿ. ಬೆಳಿಗ್ಗೆ ಎದ್ದು ಅವರ ಮೈ ಒರೆಸಿ, ಹಾಸಿಗೆ ಬದಲಿಸಿ, ರೊಟ್ಟಿ ಬಡಿದಿಟ್ಟು ಬಸ್ಸಿಗೆ ಓಡಬೇಕು. ನಡುದಾರಿಯ ಮುಳಗುಂದದವರೆಗೆ ನಿಂತೇ ಪ್ರಯಾಣ. ಸಂಜೆ ಬಂದರೆ ಮತ್ತೆ ಅದೇ ಹಾಸಿಗೆ. ನಲ್ಲಿ ನೀರು ಬಂದ ದಿನವಂತೂ ಕೊಡ ಹೊತ್ತು ಹೊತ್ತು ರಟ್ಟೆ ಸೋಲುತ್ತಿತ್ತು. ಗಂಡ ಮಧ್ಯಾಹ್ನ ತಮ್ಮ ಝೆರಾಕ್ಸ್ ಅಂಗಡಿಯಿಂದ ಬಂದು ತಾಯಿಗೆ ಉಣಿಸಿ ಹೋಗುತ್ತಿದ್ದರು. ಅಷ್ಟಕ್ಕೇ ತಮ್ಮ ಪಾಲು ಮುಗಿಯಿತೆಂದು ಅವರು ತಿಳಿದಿದ್ದರು. ನಾನೂ ಏನೂ ಕೇಳಲಿಲ್ಲ.

ಕೇಳುವ ಬದಲು ಗೊಣಗುತ್ತಿದ್ದೆ. ಅಡವಿಯಲ್ಲಿ ದೇವರು ಆಕಾಶದಿಂದ ಸುರಿಸಿದ ಮನ್ನ ತಿಂದೂ ಗುಣುಗುಟ್ಟಿದ ಇಸ್ರಾಯೇಲ್ಯರ ಬಗ್ಗೆ ಒಂದು ಭಾನುವಾರ ಚರ್ಚಿನಲ್ಲಿ ಸಭಾಪಾಲಕರು ಪ್ರಸಂಗ ಮಾಡಿದರು. ಅಷ್ಟು ವರ್ಷ ನಡೆದವರು, ಪಾಪ, ದಣಿದಿರಬೇಕು ಎಂದುಕೊಂಡು ಕೂತಿದ್ದೆ.

ಅದೇ ವಾರ ಒಂದು ಸಂಜೆ, ಅಡುಗೆಮನೆಯಿಂದ ಮುಂಡರಗಿಯ ಅಕ್ಕನಿಗೆ ಫೋನ್ ಮಾಡಿದೆ. "ಸಾಕಾಗೇತಿ ನನಗ. ಮುದುಕಿ ತಾನೂ ಏಳೂದಿಲ್ಲ, ನನಗೂ ಕುಂಡ್ರಾಕ ಬಿಡೂದಿಲ್ಲ. ದೇವರಿಗೆ ನಾ ಒಬ್ಬಾಕೀನ ಸಿಕ್ಕೆನೇನು?" ಅತ್ತೆ ಮಲಗಿದ್ದ ಕೋಣೆಯ ಬಾಗಿಲು ತೆರೆದೇ ಇತ್ತು.

ದಿನಾ ಸಂಜೆ ಅತ್ತೆಯ ಮಂಚದ ಬಳಿ ನಾನೇ ಗಡಿಬಿಡಿಯಿಂದ ಪ್ರಾರ್ಥನೆ ಮುಗಿಸುತ್ತಿದ್ದೆ. ಅಂದು ಅವರು, "ಇವತ್ತ ನಾ ಮಾಡ್ತೀನಿ" ಎಂದು ಕಣ್ಣು ಮುಚ್ಚಿದರು.

"ಕರ್ತನೇ, ಈಕಿ ಕೈಗಾಗಿ ನಿನಗ ಸ್ತೋತ್ರ. ಈ ಕೈ ಇರಲಿಲ್ಲಂದ್ರ ನನ್ನ ಬೆನ್ನು ಹುಣ್ಣಾಗಿ ಹೋಗತಿತ್ತು. ಈಕಿ ದಣದಾಳ. ದಣದಾಕಿ ಗೊಣಗತಾಳ, ನೀ ಮನಸ್ಸಿಗೆ ಹಚ್ಚಿಕೋಬ್ಯಾಡ."

ಆಮೆನ್ ಎನ್ನುವ ಬದಲು, "ಕೇಳಿಸ್ತೇನ್ರಿ?" ಎಂದೆ.

"ಮುರದದ್ದು ಸೊಂಟ, ಕಿವಿ ಅಲ್ಲ."

ನನಗೆ ಅಳು ಬಂತು. ನಾಚಿಕೆಯ ಜೊತೆಗೆ ಸಿಟ್ಟೂ ಇತ್ತು. ಇಷ್ಟು ಮೆತ್ತಗೆ ಮಾತಾಡುವವರ ಮುಂದೆ ಇನ್ನು ಗೊಣಗುವುದಾದರೂ ಹೇಗೆ? ಅವರು ನನ್ನ ಕೈ ಹಿಡಿದರು. "ನನಗೂ ಸಾಕಾಗೇತಿ. ದಿನಾ ನಿನ್ನ ಮುಂದ ಅರಿವಿ ಬಿಚ್ಚಿ ಮಲಗೂದು ನನಗೇನು ಹಿಗ್ಗೇನು? ಅದಕ್ಕ ದಿನಕ್ಕೊಂದು ಒಳ್ಳೇದು ಹುಡುಕಿ ದೇವರಿಗೆ ಸ್ತೋತ್ರ ಹೇಳತೀನಿ. ಇಲ್ಲಂದ್ರ ನಿನ್ನ ಮ್ಯಾಲೆ ಒದರಾಕ ಸುರು ಮಾಡತೀನಿ."

ಗಂಡ ಅಂಗಡಿ ಮುಚ್ಚಿ ಬಂದೊಡನೆ ಅತ್ತೆ ಕರೆದರು. "ನಾಳೆಯಿಂದ ಮುಂಜಾನೆ ಹಾಸಿಗಿ ನೀ ಬದಲ ಮಾಡು. ಆಕಿಗೆ ಗೊಣಗಾಕ ಬರತೈತಿ, ಕೇಳಾಕ ಬರೂದಿಲ್ಲ."

ಗಂಡ ನನ್ನತ್ತ ತಿರುಗಿ, "ಮೊದಲ ಹೇಳಬೇಕಿತ್ತಲ್ಲ" ಎಂದರು. ಆ ಮಾತಿಗೂ ಮೈ ಉರಿಯಿತು. ಆದರೆ ಮರುದಿನದಿಂದ ಅವರೇ ಹಾಸಿಗೆ ಬದಲಿಸಿದರು, ಮೊದಮೊದಲು ಓರೆಕೋರೆಯಾಗಿ. ನನಗೆ ಕೂತು ಚಹಾ ಕುಡಿಯುವಷ್ಟು ಹೊತ್ತು ಸಿಕ್ಕಿತು.

ಆಮೇಲೆ ನಾನೂ ಅತ್ತೆಯ ಬಳಿ ದಿನಕ್ಕೊಂದು ಸ್ತೋತ್ರ ಹೇಳಲು ಕಲಿತೆ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಆರನೆಯ ತರಗತಿಯ ಹುಡುಗಿಯೊಬ್ಬಳು ಕೊನೆಗೂ ಭಾಗಾಕಾರ ಕಲಿತಳು. ಎಷ್ಟೋ ದಿನ ಏನೂ ಹೊಳೆಯುತ್ತಿರಲಿಲ್ಲ. ಹಾಗೆ ಹೇಳಿದರೆ ಅವರು, "ಆತು ಬಿಡು, ಇವತ್ತ ನನ್ನದರಾಗ ಅರ್ಧಾ ತಗೋ" ಎನ್ನುತ್ತಿದ್ದರು.

ಮರುವರ್ಷದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಈಗ ನನಗೆ ಶಿರಹಟ್ಟಿಗೆ ವರ್ಗವಾಗಿದೆ, ದಾರಿ ತುಸು ಹತ್ತಿರ. ದಣಿವು ಮಾತ್ರ ಅಷ್ಟೇ ಇದೆ, ಗೊಣಗುವುದೂ ಪೂರ್ತಿ ಬಿಟ್ಟಿಲ್ಲ. ಸಹಾಯ ಬೇಕಾದರೆ ಬಾಯಿಬಿಟ್ಟು ಕೇಳುತ್ತೇನೆ. ಸಂಜೆಯ ಸ್ತೋತ್ರ ಈಗ ಒಬ್ಬಳೇ ಹೇಳುತ್ತೇನೆ. ಕೆಲವು ದಿನ ಅದು ಬರೀ ಒಂದು ಸಾಲು.