ಕೊನೆಯ ಮೂವರು, ಅವಸರದ ಗಡಿಯಾರ

ಸೋಲಾಪುರದ ನಮ್ಮ ಪೋಕರ್ ಸಂಘದ ವಾರ್ಷಿಕ ಸ್ಪರ್ಧೆಯನ್ನು ಕೆಡಿಸಿದವರು ಸಂಘದ ಸಮಿತಿಯವರೇ. ಆಟ ನಡೆಯುತ್ತಿರುವಾಗಲೇ, ಆಡುವವರನ್ನು ಕೇಳದೆ, ಅವರು ಆಟದ ಗಡಿಯಾರದ ವೇಗ ಬದಲಿಸಿದರು.

ಅದು ಹಣವಿಲ್ಲದ ಆಟ. ಎಲ್ಲರಿಗೂ ಸಮನಾಗಿ ಚಿಪ್‌ಗಳು. ಕಳೆದುಕೊಂಡವರು ಎದ್ದು ಹೋಗಬೇಕು. ಕೊನೆಗೆ ಉಳಿದ ಇಬ್ಬರಿಗೆ ಪುಣೆಯ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಸ್ಥಾನ. ನನಗೆ ಬೇಕಿದ್ದದ್ದು ಆ ಸ್ಥಾನ.

ಸಂಖ್ಯಾಶಾಸ್ತ್ರ ಓದುವಾಗ ನಾನು ಕಲಿತ ಸೂತ್ರ ಸರಳವಾಗಿತ್ತು. ಕೊನೆಯ ಹಂತದಲ್ಲಿ ಚಿಪ್ ಕಡಿಮೆಯಾದರೆ ಕಾಯುತ್ತ ಕೂರಬಾರದು. ಸಾಧಾರಣ ಎಲೆ ಬಂದರೂ ಇದ್ದದ್ದನ್ನೆಲ್ಲ ಒಮ್ಮೆಗೇ ಮುಂದೆ ತಳ್ಳಬೇಕು. ಅದೇ ಆಲ್-ಇನ್. ಎದುರಿನವರು ಹೆದರಿ ಎಲೆ ಕೆಳಗಿಡುತ್ತಾರೆ ಎಂಬ ನಂಬಿಕೆ ಅದರ ತಳಹದಿ. ಆದರೆ ಸೋಲಾಪುರದ ವ್ಯಾಪಾರಿ ಮನೆತನಗಳ ಹಿರಿಯರು ಎಲೆ ಕೆಳಗಿಡುವುದಿಲ್ಲ. ಅವರು ದೀಪಾವಳಿಯಲ್ಲಿ ಮನೆಮಂದಿ ಆಡುವ ಮೂರೆಲೆಯ ಇಸ್ಪೀಟು, ತೀನ್ ಪತ್ತಿಯಲ್ಲಿ ಬೆಳೆದವರು. ಅಲ್ಲಿ ಕಿರಿಯರ ಸವಾಲಿಗೆ ಹಿರಿಯರು ಹಿಂದೆ ಸರಿದರೆ ವರ್ಷವಿಡೀ ಮನೆಮಂದಿಯ ಬಾಯಿಗೆ ಸಿಗಬೇಕು. ಕಳೆದ ವರ್ಷ ನಾನು ಎಂಟು–ಆರು ಹಿಡಿದು ಆಲ್-ಇನ್ ಎಂದಾಗ, ಎದುರಿಗಿದ್ದ ಬಟ್ಟೆ ಅಂಗಡಿಯ ಕಾಕಾ ತಮ್ಮ ಎಲೆ ಎತ್ತದೆಯೇ ಚಿಪ್ ತಳ್ಳಿದ್ದರು.

“ಕಾಕಾ, ಎಲಿಯರೆ ನೋಡ್ರಿ!”

“ನಿನ್ನ ಮಾರಿ ನೋಡೀನಲ್ಲವ್ವಾ, ಅಷ್ಟ ಸಾಕು.”

ಅಂದು ಸೋತೆ. ಈ ವರ್ಷ ಸೂತ್ರವನ್ನೇ ತಿರುಗಿಸಿದೆ. ಯಾರೂ ಹೆದರದ ಮೇಜಿನಲ್ಲಿ ಹೆದರಿಸುವ ಆಲ್-ಇನ್‌ಗೆ ಬೆಲೆಯಿಲ್ಲ. ಎಕ್ಕವೋ ಜೋಡಿಯೋ ಬಂದಾಗ ಮಾತ್ರ ತಳ್ಳಬೇಕು; ಆಗ ಅವರ ಹಟವೇ ನನಗೆ ಲಾಭ. ಈ ವಿಧಾನಕ್ಕೆ ಸಮಯ ಬೇಕು. ಪ್ರತಿ ಆಟಕ್ಕೂ ಸರದಿಯಂತೆ ಕಡ್ಡಾಯವಾಗಿ ಇಡುವ ಚಿಪ್‌ಗಳು, ಅಂದರೆ ಬ್ಲೈಂಡ್, ಇಪ್ಪತ್ತು ನಿಮಿಷಕ್ಕೊಮ್ಮೆ ಏರುತ್ತವೆ ಎಂದು ಫಲಕದ ಮೇಲೆ ಬರೆದಿತ್ತು. ಅದನ್ನು ನಂಬಿಯೇ ನಾನು ಲೆಕ್ಕ ಹಾಕಿದ್ದೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಮೂವರು ಉಳಿದೆವು. ಕಾಕಾ ಅವರ ಮುಂದೆ ಚಿಪ್‌ಗಳ ಗುಡ್ಡ. ಹೋಟಗಿಯ ರೈಲ್ವೆ ನೌಕರರೊಬ್ಬರ ಮುಂದೆ ನನಗಿಂತ ಕಡಿಮೆ. ನಾನು ದುರ್ಬಲ ಎಲೆಗಳನ್ನು ಬಿಡುತ್ತ ಕುಳಿತೆ. ಅಷ್ಟರಲ್ಲಿ, ಹೊತ್ತಿಗೆ ಬಹಳ ಮೊದಲೇ, ಬ್ಲೈಂಡ್ ಏರಿಸುವ ಗಂಟೆ ಬಾರಿಸಿತು. ಬ್ಲೈಂಡ್ ದುಪ್ಪಟ್ಟಾಯಿತು. ಬೇರೆ ದಾರಿಯಿಲ್ಲದೆ ಹೋಟಗಿಯವರು ಕೈಗೆ ಬಂದ ಎಲೆಗೇ ಆಲ್-ಇನ್ ಹೇಳಿದರು; ಕಾಕಾ ಬಿಡಲಿಲ್ಲ; ಹೋಟಗಿಯವರು ಗೆದ್ದರು. ಈಗ ಎಲ್ಲರಿಗಿಂತ ಕಡಿಮೆ ಚಿಪ್ ನನ್ನವು. ಗಂಟೆ ಮತ್ತೆ ಬಾರಿಸಿತು.

“ಇದೇನ್ರಿ?” ಎಂದು ಸಂಘದ ಕಾರ್ಯದರ್ಶಿಯನ್ನು ಕೇಳಿದೆ.

“ಇವತ್ತ ಗುರುವಾರ ಅಲ್ಲೇನವ್ವಾ? ಸಂಜಿ ಆರತಿಗಿ ಸಮಿತಿ ಮಂದೆಲ್ಲಾ ಅಕ್ಕಲಕೋಟದ ಸ್ವಾಮಿ ಗುಡಿಗಿ ಹೋಗೂದೈತಿ. ಗಾಡಿ ಹೊರಗ ನಿಂತೈತಿ. ಲವಕರ ಮುಗಸ್ರಿ, ತಡಾ ಮಾಡಬ್ಯಾಡ್ರಿ.”

“ಮೊದಲ ಹೇಳಬೇಕಿತ್ತಲ್ರಿ.”

“ಚಾ ಕುಡಿಯೂ ಮುಂದ ಹೇಳೀನಿ. ಕಾಕಾಗ ಕೇಳು.”

ಸಮಿತಿಯ ಸದಸ್ಯರೂ ಆಗಿರುವ ಕಾಕಾ ನಕ್ಕರು. “ಹೇಳ್ಯಾರ, ಹೇಳ್ಯಾರ. ನೀ ಇರಲಿಲ್ಲ. ನಾನೂ ಆ ಗಾಡ್ಯಾಗ ಹೊಂಟೀನಿ. ಆಡು ನಡಿ.”

ಇನ್ನೊಂದು ಸುತ್ತು ಕಾದಿದ್ದರೆ ಬ್ಲೈಂಡ್‌ಗೇ ಅರ್ಧ ಚಿಪ್ ಹೋಗುತ್ತಿತ್ತು. ರಾಜ–ಏಳು ಬಂತು. ನಾನು ಬಿಟ್ಟುಬಂದಿದ್ದ ಹಳೆಯ ಸೂತ್ರಕ್ಕೇ ಮರಳಿ, ಎಲ್ಲವನ್ನೂ ತಳ್ಳಿದೆ. ಕಾಕಾ ರಾಣಿ–ನಾಲ್ಕು ಹಿಡಿದು ಎದುರಾದರು. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳಲ್ಲಿ ರಾಣಿ ಬಿತ್ತು; ಅವರಿಗೆ ಜೋಡಿಯಾಯಿತು, ನಾನು ಆಟದಿಂದ ಹೊರಬಿದ್ದೆ.

“ಹುಡುಗಿ ಶಾಣ್ಯಾ ಅದಾಳ,” ಎಂದರು ಕಾಕಾ, ಚಿಪ್‌ಗಳನ್ನು ಎಳೆದುಕೊಳ್ಳುತ್ತ, “ಖರೆ, ಗಡಬಡಿ ಭಾಳ.”

ಆ ರಾಣಿಯ ಬಗ್ಗೆ ನನಗೆ ತಕರಾರಿಲ್ಲ. ಎಲೆ ಬೀಳುವ ಹಾಗೆ ಬೀಳುತ್ತದೆ. ಆರತಿಯ ಬಗ್ಗೆಯೂ ಇಲ್ಲ. ಅವ್ವನ ಜೊತೆ ನಾನೂ ಅಕ್ಕಲಕೋಟದ ಸಾಲಿನಲ್ಲಿ ನಿಂತವಳು. ಆದರೆ ಸ್ಪರ್ಧೆಗೆ ಗುರುವಾರವನ್ನು ಆರಿಸಿದ್ದು ಸಮಿತಿ. ನಿಯಮ ಬದಲಾದದ್ದನ್ನು ಚಹಾದ ಹೊತ್ತಿನಲ್ಲಿ ತಮ್ಮವರಿಗೆ ಮಾತ್ರ ಹೇಳಿದ್ದೂ ಸಮಿತಿ. ಮೂವರಲ್ಲಿ ಒಬ್ಬರಿಗೆ ಅದು ಗೊತ್ತಿತ್ತು, ಇಬ್ಬರಿಗೆ ಗೊತ್ತಿರಲಿಲ್ಲ.

ಆದ್ದರಿಂದ ಸಮಿತಿಯನ್ನು ವಿಧಿವತ್ತಾಗಿ ಕೇಳುತ್ತಿದ್ದೇನೆ: ಗಡಿಯಾರ ಬದಲಿಸಲು ಆದೇಶ ಕೊಟ್ಟವರು ಯಾರು, ಯಾವ ಅಧಿಕಾರದಿಂದ? ಇದಕ್ಕೆ ಲಿಖಿತ ಉತ್ತರ ಬೇಕು. ಪುಣೆಗೆ ಹೆಸರು ಕಳಿಸುವ ಮೊದಲು ನಮ್ಮ ಮೂವರ ಆಟವನ್ನು, ಅವಧಿಗೆ ಮೊದಲೇ ಬಾರಿಸಿದ ಆ ಮೊದಲ ಗಂಟೆಗೆ ಮುಂಚೆ ಇದ್ದಷ್ಟೇ ಚಿಪ್‌ಗಳೊಂದಿಗೆ, ಫಲಕದಲ್ಲಿ ಬರೆದ ಸಮಯಕ್ಕೆ ಸರಿಯಾಗಿ ಮತ್ತೆ ನಡೆಸಬೇಕೆಂದು ಕೋರುತ್ತೇನೆ.