ಬೀಗದಕ್ಕನ ಕೂರುವ ಪಾಳಿ

ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷ. ರಸ್ತೆಯಲ್ಲಿ ಹಾಲಿನ ವ್ಯಾನು ಬಿಟ್ಟರೆ ನರಪಿಳ್ಳೆಯೂ ಇಲ್ಲ. ಟೈರ್ ಅಂಗಡಿಯ ಪಕ್ಕದ ಏಳು ಮೆಟ್ಟಿಲು ಇಳಿದು, ಸೊಂಟದ ಗೊಂಚಲಿನಿಂದ ಕೀ ತೆಗೆದು, ಎಡಗೈಯಲ್ಲೇ ಶಟರ್ ಮೇಲೆತ್ತುತ್ತಾರೆ ಐವತ್ಮೂರು ವರ್ಷದ ಬೀಗದಕ್ಕ. ಬಲಗೈ ಅವರ ಕಿವಿಯಿಂದ ಮೇಲೆ ಹೋಗುವುದಿಲ್ಲ. ಆ ಕಥೆ ಆಮೇಲೆ. ದೀಪ ಹಾಕಿ, ಫ್ಯಾನು ತಿರುಗಿಸಿ, ಒದ್ದೆ ಬಟ್ಟೆ ಹಿಡಿದು ಮೊದಲನೇ ರಾಡಿನ ಮುಂದೆ ನಿಲ್ಲುತ್ತಾರೆ. ಹಿಂದಿನ ದಿನದ ಬೆವರು, ಕೈ ಜಾರದಿರಲೆಂದು ಹಚ್ಚಿಕೊಳ್ಳುವ ಬಿಳಿ ಪುಡಿ ಎಲ್ಲ ಅದರ ಮೇಲೇ ಕೂತಿರುತ್ತದೆ.

ಈ ನೆಲಮಾಳಿಗೆಯ ಜಿಮ್ಮಿನಲ್ಲಿ ಹನ್ನೊಂದು ರಾಡುಗಳಿವೆ, ಅವುಗಳಿಗೆ ಸಿಕ್ಕಿಸುವ ನೂರ ನಲವತ್ತಾರು ತೂಕದ ಪ್ಲೇಟುಗಳಿವೆ. ದಿನಕ್ಕೆ ನೂರೈವತ್ತು ಜನ ಬರುತ್ತಾರೆ. ಎತ್ತುವ ಹುಮ್ಮಸ್ಸು ಅವರಲ್ಲಿ ಎಲ್ಲರಿಗೂ ಇದೆ, ಎತ್ತಿದ್ದನ್ನು ಜಾಗಕ್ಕೆ ಇಡುವ ಹುಮ್ಮಸ್ಸು ಹತ್ತು ಜನಕ್ಕೂ ಇಲ್ಲ. ಉಳಿದವರದ್ದೆಲ್ಲ ಬೀಗದಕ್ಕನ ಪಾಲು. ಇಲ್ಲಿ ಕಸರತ್ತು ಕಲಿಸುವ ಮಾಸ್ಟರು ಒಮ್ಮೆ ಕೂತು ಲೆಕ್ಕ ಹಾಕಿದರಂತೆ: ಅಕ್ಕ ದಿನಕ್ಕೆ ಎತ್ತಿಡುವ ಕಬ್ಬಿಣ ಎರಡು ಟನ್ನಿಗೆ ಕಡಿಮೆಯಿಲ್ಲ. ಗೋಡೆ ತುಂಬ ಕನ್ನಡಿ ಇದ್ದರೂ ಇವರು ಅತ್ತ ತಿರುಗಿ ನೋಡಿದ್ದನ್ನು ಕಂಡವರಿಲ್ಲ.

“ಅಲ್ಲಪ್ಪಾ, ನೂರು ಕೆಜಿ ಎತ್ತೋ ಕೈಗೆ ಹತ್ತು ಕೆಜಿ ವಾಪಸ್ ಇಡೋಕೆ ಆಗಲ್ವಾ ಅಂತ ಕೇಳ್ತೀನಿ. ಸಾರಿ ಅಕ್ಕ ಅಂತಾರೆ. ಮಾರನೇ ದಿನ ಮತ್ತೆ ಅದೇ ರಾಗ,” ಎಂದು ನಗುತ್ತಾರೆ.

ಅವರದೊಂದು ಕಟ್ಟುನಿಟ್ಟಿದೆ. ಪ್ಲೇಟನ್ನು ಗೂಟಕ್ಕೆ ಸಿಕ್ಕಿಸಿದರೆ ಸಾಲದು, ಅದರ ಮೇಲಿನ ಅಂಕಿ ನೆಟ್ಟಗೆ ನಿಂತಿರಬೇಕು. ತಲೆಕೆಳಗಾದ ಇಪ್ಪತ್ತು ಕಣ್ಣಿಗೆ ಬಿದ್ದರೆ ಅವರಿಗೆ ಅನ್ನ ಸೇರುವುದಿಲ್ಲ. ಹುಡುಗರು ಇದನ್ನು ನೋಡಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಹುಚ್ಚು ಇಲ್ಲದಿದ್ದರೆ ಅವರ ಮಗಳ ಗತಿ ಏನಾಗುತ್ತಿತ್ತೋ.

ಜಿಮ್ಮು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ. ಅಕ್ಕ ನೆಲ ಒರೆಸಿ, ಅಂಕಿಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿ, ಬೀಗ ಹಾಕಿ, ಎರಡು ಬೀದಿ ಆಚೆಯ ಮನೆಗೆ ಹೋಗಿ ಉಂಡು ಒಂದು ಕೋಳಿನಿದ್ದೆ ತೆಗೆಯುತ್ತಾರೆ. ಐದು ತಿಂಗಳ ಹಿಂದೆ ಒಂದು ದಿನ ನಾಲ್ಕಕ್ಕೆ ಬಂದು ನೋಡಿದರೆ ಎರಡು ಪ್ಲೇಟಿನ ಅಂಕಿ ವಾಲಿತ್ತು. ಒರೆಸಿಟ್ಟಿದ್ದ ರಾಡಿನ ಮೇಲೆ ಬಿಳಿ ಪುಡಿಯ ಬೆರಳಚ್ಚು ಇತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ.

“ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಒಂದು ಟವೆಲ್ಲೂ ಹೋಗಿಲ್ಲ. ಇದ್ಯಾವ ಸೀಮೆ ಕಳ್ಳ ಅಂತೀನಿ! ಕದಿಯೋಕೆ ಬಂದು ಕಸರತ್ತು ಮಾಡಿ ಹೋಗ್ತಾನಲ್ಲ!”

ನಾಲ್ಕನೇ ದಿನ ಅಕ್ಕ ಮನೆಗೆ ಹೋಗಲಿಲ್ಲ. ಶಟರ್ ಇಳಿಸಿ ಒಳಗಿಂದಲೇ ಬೀಗ ಹಾಕಿ, ನೆಲ ಒರೆಸುವ ಕೋಲು ಹಿಡಿದು ಟವೆಲ್ ಕೋಣೆಯಲ್ಲಿ ಕೂತರು. ಎರಡು ಗಂಟೆಗೆ ಶಟರ್ ಸದ್ದಾಯಿತು. ಒಳಗೆ ಬಂದವಳು ಅವರ ಮಗಳೇ. ಮನೆಯ ಮೊಳೆಗೆ ನೇತುಹಾಕಿದ್ದ ಇನ್ನೊಂದು ಕೀ ಅವಳ ಕೈಯಲ್ಲಿತ್ತು.

ಮಗಳಿಗೆ ಇಪ್ಪತ್ಮೂರು. ಅಗ್ನಿಶಾಮಕ ದಳ ಸೇರಬೇಕೆಂಬುದು ಅವಳ ಒಂದೇ ಹಟ. ಅದರ ಪರೀಕ್ಷೆಯಲ್ಲಿ ಅರವತ್ತು ಕೆಜಿಯ ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಐವತ್ತು ಮೀಟರ್ ನಡೆಯಬೇಕು. ಮಾಸ್ಟರು ವಾರಕ್ಕೆ ನಾಲ್ಕು ದಿನ, ದಿನಕ್ಕೊಂದು ಹೊತ್ತು ಎಂದು ಬರೆದುಕೊಟ್ಟಿದ್ದರು. ಮೂರು ತಿಂಗಳಲ್ಲಿ ಅವಳು ನೆಲದಿಂದ ತೊಂಬತ್ತು ಕೆಜಿ ಎತ್ತುವ ಮಟ್ಟಕ್ಕೆ ಬಂದಿದ್ದಳು. ಆಮೇಲೆ ಅದೇನಾಯಿತೋ, ತೊಂಬತ್ತು ಎಂಬತ್ತೈದಾಯಿತು, ಎಂಬತ್ತಾಯಿತು. ಇಳಿದ ಹಾಗೆಲ್ಲ ಇವಳು ಹೊತ್ತು ಹೆಚ್ಚಿಸಿದಳು. ಬೆಳಗ್ಗೆ ಒಂದು, ಸಂಜೆ ಒಂದು, ಸಾಲದ್ದಕ್ಕೆ ಕದ್ದು ಮಧ್ಯಾಹ್ನ ಇನ್ನೊಂದು. ವಾರದ ಏಳು ದಿನವೂ.

ಅಂದು ಅವಳು ಎಂಬತ್ತು ಹಾಕಿಕೊಂಡು ಮೂರು ಸಲ ಹಿಡಿದೆಳೆದಳು. ರಾಡು ಜಪ್ಪಯ್ಯ ಅನ್ನಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು ಎದೆ ಒತ್ತಿಕೊಂಡಳು. ಕೋಲು ಎಸೆದು ಓಡಿಬಂದ ಅಮ್ಮನನ್ನು ಕಂಡು ಗಾಬರಿಯಾಗುವಷ್ಟು ಶಕ್ತಿಯೂ ಅವಳಲ್ಲಿರಲಿಲ್ಲ.

“ಎದೆ ಹೊಡ್ಕೊಳ್ತಿದೆ ಅಮ್ಮಾ. ಮಲಗಿದ್ರೂ ಹೀಗೇ, ನಿದ್ದೇನೇ ಬರಲ್ಲ. ದಿನದಿನಕ್ಕೂ ಕಮ್ಮಿ ಆಗ್ತಿದೀನಿ. ಅದಕ್ಕೇ ಜಾಸ್ತಿ ಮಾಡ್ತಿದೀನಿ,” ಅಂದಳಂತೆ.

ಈ ಮಾತನ್ನು ಅಕ್ಕ ಹಿಂದೆ ಕೇಳಿದ್ದರು, ತಮ್ಮದೇ ಬಾಯಲ್ಲಿ.

ಜಿಮ್ಮಿಗೆ ಬರುವ ಮೊದಲು ಅವರು ಹದಿನೆಂಟು ವರ್ಷ ಧಾನ್ಯದ ಗೋದಾಮಿನಲ್ಲಿ ಮೂಟೆ ಹೊತ್ತವರು. ಅಲ್ಲಿ ನಾಲ್ವರದೊಂದು ತಂಡ. ಮೂವರು ಹೊರಬೇಕು, ಒಬ್ಬರು ತೂಕದ ಯಂತ್ರದ ಪಕ್ಕ ಸುಮ್ಮನೆ ಕೂರಬೇಕು. ಪ್ರತಿ ಇಪ್ಪತ್ತು ಮೂಟೆಗೆ ಕೂರುವವರು ಬದಲು. ಅದಕ್ಕೆ ಕೂರೋ ಪಾಳಿ ಎಂದೇ ಹೆಸರು. ತಂಡದ ಯಜಮಾನ ಯಾವ ತಪ್ಪನ್ನು ಬೇಕಾದರೂ ಕ್ಷಮಿಸುತ್ತಿದ್ದ, ಕೂರೋ ಪಾಳಿ ತಪ್ಪಿಸಿದವರನ್ನು ಮಾತ್ರ ಜನ್ಮ ಜಾಲಾಡುತ್ತಿದ್ದ.

“ಗಂಡಸರು ಕೂರಲಿ, ನಾನ್ಯಾಕೆ ಕೂರಬೇಕು ಅಂತ ನನಗೆ ಜಂಬ. ಅವನು ಆ ಕಡೆ ಹೋದ್ರೆ ಸಾಕು, ಎದ್ದು ಹೊರ್ತಿದ್ದೆ. ಭುಜ ನೋವು ಅಂದ್ರೆ ಇನ್ನೊಂದು ಮೂಟೆ ಹೊತ್ರೆ ಬಿಡುತ್ತೆ ಅನ್ಕೊಂಡೆ. ಬಿಟ್ಟಿದ್ದು ನೋವಲ್ಲ, ಕೈ,” ಎಂದು ಬಲಗೈಯನ್ನು ಕಿವಿಯವರೆಗೆ ತಂದು ನಿಲ್ಲಿಸಿ ತೋರಿಸುತ್ತಾರೆ.

ಅಂದು ಅವರು ಮಗಳಿಗೆ ಒಂದು ಮಾತೂ ಬೈಯಲಿಲ್ಲ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಳದ ಪರೀಕ್ಷೆಗೆ ಉಳಿದಿದ್ದು ಇಪ್ಪತ್ತನಾಲ್ಕೇ ದಿನ. ಎದೆಯ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಆಗಿ ಡಾಕ್ಟರಮ್ಮ ಕಾಗದ ತಿರುವಿ ಹಾಕುವಷ್ಟು ಹೊತ್ತು ಅಕ್ಕ ಸೊಂಟದ ಗೊಂಚಲಿನ ಕೀಗಳನ್ನು ಎಣಿಸುತ್ತಾ ಕೂತಿದ್ದರು.

“ಹೃದಯಕ್ಕೆ ಏನೂ ಆಗಿಲ್ಲ, ಗಟ್ಟಿಯಾಗಿದೆ,” ಅಂದರು ಡಾಕ್ಟರಮ್ಮ. “ಕಸರತ್ತು ಅತಿಯಾಗಿ ದೇಹವೇ ಮುನಿಸಿಕೊಳ್ಳೋದು ಸುಳ್ಳಲ್ಲ. ಆದರೆ ಪೂರ್ತಿ ಆ ಸ್ಥಿತಿಗೆ ಹೋಗೋರು ಕಡಿಮೆ. ಹೋದ್ರೆ ಸುಧಾರಿಸೋಕೆ ತಿಂಗಳುಗಟ್ಟಲೆ ಬೇಕು. ಇವಳು ಬಾಗಿಲ ತನಕ ಹೋಗಿದ್ದಾಳೆ, ಒಳಗೆ ಕಾಲಿಟ್ಟಿಲ್ಲ. ಸರಿಯಾಗಿ ಉಂಡಿಲ್ಲ, ಮಲಗಿಲ್ಲ, ಕೂತಿಲ್ಲ. ಹತ್ತು ದಿನ ಕಬ್ಬಿಣ ಮುಟ್ಟೋದು ಬೇಡ. ಆಮೇಲೆ ಹಗುರವಾಗಿ ಶುರು ಮಾಡಲಿ.”

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಮಗಳು ಮಾತ್ರ ಆಕಾಶವೇ ಕಳಚಿಬಿದ್ದವಳಂತೆ ಅತ್ತಳು. ಹತ್ತು ದಿನ ಬಿಟ್ಟರೆ ಇರುವುದೂ ಕರಗಿ ಹೋಗುತ್ತದೆ ಎಂಬುದು ಅವಳ ಭಯ. ಮಾಸ್ಟರಿಗೂ ವಿಷಯ ಮುಟ್ಟಿತು. “ಅತಿಯಾಯ್ತು ಅನ್ನೋದು ಸೋಮಾರಿಗಳ ನೆಪ ಅಂತ ನಾನೇ ಎಲ್ಲರ ಮುಂದೆ ಹೇಳ್ತಿದ್ದೆ. ಈ ಹುಡುಗಿ ಅದನ್ನ ಮನಸ್ಸಿಗೆ ತಗೊಂಡುಬಿಟ್ಟಿದ್ದಳು,” ಎಂದು ಅವರು ಈಗಲೂ ತಲೆ ತಗ್ಗಿಸುತ್ತಾರೆ.

ಮೊಳೆಯ ಮೇಲಿದ್ದ ಕೀ ಅಂದಿನಿಂದ ಅಮ್ಮನ ಸೊಂಟಕ್ಕೆ ಬಂತು. ಅಕ್ಕ ಕೂರೋ ಪಾಳಿಯ ಕಥೆ ಹೇಳಿದರೂ ಮೊದಲ ಮೂರು ದಿನ ಮಗಳು ಮನೆಯಲ್ಲಿ ಉರಿದುರಿದು ಬಿದ್ದಳು. ನಾಲ್ಕನೇ ದಿನ ಹನ್ನೊಂದು ಗಂಟೆ ನಿದ್ದೆ ಮಾಡಿದಳು. ಅಕ್ಕ ಎರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿದರಂತೆ. ಎದ್ದವಳೇ ತನ್ನ ಪಾಲಿನದ್ದು ಉಂಡು ಅಮ್ಮನ ತಟ್ಟೆಗೂ ಕೈ ಹಾಕಿದಳು. ಹನ್ನೊಂದನೇ ದಿನ ಮಾಸ್ಟರು ಪಕ್ಕ ನಿಂತು ಎಪ್ಪತ್ತು ಹಾಕಿಕೊಟ್ಟರು. ಖಾಲಿ ಬಕೆಟ್ ಎತ್ತಿದಂತೆ ಎತ್ತಿದಳು. ಕರಗಿಹೋಗಿದ್ದು ಆಯಾಸ ಮಾತ್ರ.

ಪರೀಕ್ಷೆಯ ದಿನ ಅಕ್ಕ ಮೈದಾನದ ಬೇಲಿಯಾಚೆ ನಿಂತಿದ್ದರು. ಮಗಳು ಗೊಂಬೆ ಹೆಗಲಿಗೇರಿಸಿದಾಗ ಕಣ್ಣು ಮುಚ್ಚಿಕೊಂಡವರು, ಪಕ್ಕದವರು ಚಪ್ಪಾಳೆ ತಟ್ಟಿದ ಮೇಲೇ ತೆರೆದದ್ದು. ಐವತ್ತು ಮೀಟರ್ ದಾಟಿದ ಮೇಲೂ ಹುಡುಗಿ ಇನ್ನು ನಾಲ್ಕು ಹೆಜ್ಜೆ ಇಟ್ಟೇ ಗೊಂಬೆ ಇಳಿಸಿದ್ದಳು. “ನಾನು ನೋಡಬೇಕಾಗಿದ್ದನ್ನೇ ನೋಡಲಿಲ್ಲ ನೋಡಿ,” ಎಂದು ಹೇಳುವಾಗ ಸೆರಗು ಕಣ್ಣಿಗೆ ಹೋಗುತ್ತದೆ, ಮುಖ ನಗುತ್ತಿರುತ್ತದೆ.

ಮಗಳು ಈಗ ದಳದ ತರಬೇತಿಯಲ್ಲಿದ್ದಾಳೆ. ಹೊರಡುವ ಹಿಂದಿನ ದಿನ ಬಟ್ಟೆ ಮಡಿಸುತ್ತಾ ಅಮ್ಮನಿಗೆ ಒಂದು ಪ್ರಶ್ನೆ ಹಾಕಿದ್ದಳು: “ನನಗೆ ಅಷ್ಟೆಲ್ಲ ಹೇಳಿದ್ಯಲ್ಲಾ, ಏಳು ದಿನವೂ ಎತ್ತಿಡ್ತೀಯಲ್ಲಾ ಅಮ್ಮಾ, ನಿನ್ನ ಕೂರೋ ಪಾಳಿ ಯಾವಾಗ?” ಮಗಳ ಪರೀಕ್ಷೆಯ ದಿನ ಬಿಟ್ಟರೆ ಒಂಬತ್ತು ವರ್ಷದಲ್ಲಿ ಅಕ್ಕ ಒಂದು ದಿನವೂ ರಜೆ ಹಾಕಿದವರಲ್ಲ. ಮಾಸ್ಟರೇ ಮಾಲೀಕರ ಹತ್ತಿರ ಮಾತಾಡಿ ಮಂಗಳವಾರ ಬಿಡಿಸಿಕೊಟ್ಟರು. ಆ ದಿನ ಮಾಸ್ಟರೇ ಶಟರ್ ಎತ್ತುತ್ತಾರೆ, ಪ್ಲೇಟುಗಳನ್ನು ಎತ್ತಿದವರೇ ಜಾಗಕ್ಕೆ ಇಡುತ್ತಾರೆ.

“ಇಡ್ತಾರಂತೆ. ಅರ್ಧಕ್ಕರ್ಧ ತಲೆಕೆಳಗೆ! ಬುಧವಾರ ಬಂದು ನೋಡಿದ್ರೆ ಹೊಟ್ಟೆ ಉರಿಯುತ್ತೆ,” ಎನ್ನುತ್ತಾ ಕೊನೆಯ ಇಪ್ಪತ್ತನ್ನು ಗೂಟಕ್ಕೆ ಸಿಕ್ಕಿಸಿ, ಹಿಡಿದು ತಿರುಗಿಸಿ, ಅಂಕಿ ನೆಟ್ಟಗಾದದ್ದನ್ನು ನೋಡಿಕೊಳ್ಳುತ್ತಾರೆ.

ಅಷ್ಟರಲ್ಲಿ ಹೊರಗೆ ಬೆಳಗಾಗಿದೆ. ಶಟರ್ ಎತ್ತುವಾಗ ಕತ್ತಲಿತ್ತು, ಚಿತ್ರ ಸರಿಯಾಗಿ ಬಂದಿಲ್ಲ, ನಾಳೆ ಇನ್ನೊಂದು ಸಲ ಬರಬಹುದೇ ಎಂದು ನಮ್ಮ ಪತ್ರಿಕೆಗೆ ಫೋಟೋ ತೆಗೆಯುವವರು ಕೇಳುತ್ತಾರೆ. ಬೀಗದಕ್ಕ ಒದ್ದೆ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಾ ತಲೆಯಾಡಿಸುತ್ತಾರೆ.

“ನಾಳೆ ಬೇಡಪ್ಪಾ, ನಾಡಿದ್ದು ಬನ್ನಿ. ನಾಳೆ ನನ್ನ ಕೂರೋ ಪಾಳಿ.”