ಎರಡು ಮಗ್ಗಗಳ ನಡುವಿನ ದಾರಿ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಲಗುವ ಕೋಣೆಗೂ ಹಿತ್ತಿಲ ಬಚ್ಚಲಿಗೂ ನಡುವೆ ಎರಡು ವಿದ್ಯುತ್ ಮಗ್ಗಗಳಿದ್ದವು. ಒಂದರ ಜೊತೆಗೆ ಇನ್ನೊಂದನ್ನು ಹಿಡಿಸಲೆಂದು ಅಪ್ಪನೇ ಓಡಾಡುವ ದಾರಿಯನ್ನು ಕಿರಿದು ಮಾಡಿದ್ದರು. ಒಬ್ಬರು ಮೈ ಓರೆ ಮಾಡಿಕೊಂಡು ದಾಟಬಹುದಾದಷ್ಟು ಜಾಗ. ಆಮೇಲೆ ಅಪ್ಪನಿಗೆ ಬಂದ ಕಾಯಿಲೆಯನ್ನು ಮನೆಯಲ್ಲಿ ಲಕ್ವ ಎಂದರು. ನಾನು ಓದಿದವಳಾದ್ದರಿಂದ ಪಾರ್ಶ್ವವಾಯು ಎಂದು ತಿದ್ದಿದೆ. ಅವರ ಎಡಗಾಲಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಆ ಸಂದಿಯಲ್ಲಿ ವಾಕರ್ ತೂರುತ್ತಿರಲಿಲ್ಲ. ನಾನು ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ, ಅವರ ಎರಡೂ ಕೈಗಳನ್ನು ಹಿಡಿದು ಬಚ್ಚಲ ಬಾಗಿಲವರೆಗೆ ನಡೆಸುತ್ತಿದ್ದೆ. ನಾನಿಲ್ಲದಾಗ ಅಮ್ಮ. ಮಗ್ಗದ ಸದ್ದಿನಲ್ಲಿ ಅಪ್ಪನ ತೊದಲು ದನಿ ಕೇಳಿಸುತ್ತಿರಲಿಲ್ಲವಾದ್ದರಿಂದ, ಹೋಗಬೇಕೆನಿಸಿದಾಗ ಬಲಗೈ ಎತ್ತುವುದೆಂದು ಗೊತ್ತುಮಾಡಿಕೊಂಡಿದ್ದೆವು. ಕೈ ಎದ್ದೊಡನೆ ಅಮ್ಮ ಮಗ್ಗ ನಿಲ್ಲಿಸುತ್ತಿದ್ದರು. ತಮಗಾಗಿ ಮಗ್ಗ ನಿಲ್ಲುವುದನ್ನು ಅಪ್ಪ ಸಹಿಸಲಾರದೆ ಹೋದರು. ಕ್ರಮೇಣ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು.

ಒಂದು ದಿನ ಕರೆಂಟ್ ಹೋಗಿ ಮನೆ ನಿಶ್ಶಬ್ದವಾಗಿದ್ದಾಗ ನಾನು ಹೇಳಿದೆ:

“ಒಂದು ಮಗ್ಗ ಎತ್ತಿಸ್ಬಿಡೋಣ ಅಪ್ಪ. ವಾಕರ್ ಹಿಡ್ಕೊಂಡು ನೀನೇ ಓಡಾಡ್ಬೋದು.”

“ನನ್ನೇ ಎತ್ತಿಸ್ಬಿಡು. ಜಾಗ ಇನ್ನೂ ಜಾಸ್ತಿ ಆಯ್ತದೆ.”

“ನೋಡೇ ನಿಮ್ಮಪ್ಪನ್ನ,” ಎಂದು ಅಮ್ಮ ರೇಗಿದರು. “ಕಾಲಿಗೆ ಬಂದಿದ್ದು ಬಾಯಿಗೆ ಪೂರ್ತಿ ಬರ್ಲಿಲ್ಲ!”

ಅಪ್ಪ ನಕ್ಕರು. ಮಗ್ಗದ ಮಾತು ಅಲ್ಲಿಗೇ ನಿಂತಿತು.

ಅದಾದ ಕೆಲವು ದಿನಗಳಲ್ಲಿ, ಬಾಶೆಟ್ಟಿಹಳ್ಳಿಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಕಚೇರಿಯಿಂದ ಮಧ್ಯಾಹ್ನದ ಹೊತ್ತಿಗೆ ಮರಳಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಮಗ್ಗಗಳು ಓಡುತ್ತಿದ್ದವು. ಅಮ್ಮ ಬದಲಿ ಲಾಳಿಗೆ ನೂಲು ಹಾಕಲು ಬಗ್ಗಿದ್ದರು. ಅಪ್ಪ ಕೈ ಎತ್ತಿರಲಿಲ್ಲ. ಒಬ್ಬರೇ ಎದ್ದು ಸಂದಿಯೊಳಗೆ ಬಂದುಬಿಟ್ಟಿದ್ದರು. ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅವರ ಮೈ ವಾಲಿತು. ಬಲಗೈ ಪಕ್ಕದ ಮಗ್ಗದ ಹಾಸಿನ ಕಡೆಗೆ, ಬಿಗಿಯಾಗಿ ಎಳೆದು ಕಟ್ಟಿದ ಆ ರೇಷ್ಮೆ ಎಳೆಗಳ ಕಡೆಗೆ ಚಾಚಿತು. ಬೆರಳು ಎಳೆಗಳಿಗೆ ತಗುಲಿದ ಕೂಡಲೇ ಅವರು ಕೈಯನ್ನು ಎದೆಗೆ ಸೆಳೆದುಕೊಂಡರು. ಕಬ್ಬಿಣದ ಚೌಕಟ್ಟಿಗೆ ಸೊಂಟ ಬಡಿದು ಕೆಳಗೆ ಬಿದ್ದರು.

ಮಗ್ಗ ನಿಲ್ಲಿಸಿ ಓಡಿಬಂದ ಅಮ್ಮ ಮೊದಲು ನೋಡಿದ್ದು ಹಾಸನ್ನು, ಅನಂತರ ಅಪ್ಪನನ್ನು. ಇದನ್ನು ಅಮ್ಮನ ಮೇಲಿನ ದೂರೆಂದು ಬರೆಯುತ್ತಿಲ್ಲ. ನನ್ನ ಕಣ್ಣೂ ಅಲ್ಲಿಗೇ ಹೋಗಿತ್ತು.

“ಹಾಸು ಹಿಡ್ಕೋಬಾರ್ದಾಗಿತ್ತಾ ಅಪ್ಪ?”

“ಎಳೆ ಕಿತ್ತೋಗಿದ್ರೆ?” ಎಂದರು, ನೆಲದ ಮೇಲಿಂದಲೇ. “ನಿಮ್ಮಮ್ಮ ಒಬ್ಳೇ ಕೂತ್ಕೊಂಡು ಗಂಟಾಕ್ಬೇಕಾಯ್ತಿತ್ತು.”

ಅಮ್ಮ ಅವರ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದರು.

ಸೊಂಟದ ಮೂಳೆ ಸರಿಯಾಗಿ ಕೂಡಲಿಲ್ಲ. ಅಪ್ಪ ಇನ್ನು ನಿಲ್ಲಲಾರರು ಎಂದು ವೈದ್ಯರು ಹೇಳಿದ ಮೇಲೆ ಅಮ್ಮ ಯಾರನ್ನೂ ಕೇಳದೆ ಒಂದು ಮಗ್ಗ ಎತ್ತಿಸಿದರು. ದಾರಿ ಅಗಲವಾಗಿದೆ. ಗೋಡೆಗೆ ಒರಗಿಸಿದ ವಾಕರ್ ಮೇಲೆ ಟವೆಲ್ ಒಣಗುತ್ತದೆ. ಅಪ್ಪ ಈಗಲೂ ಬಲಗೈ ಎತ್ತುತ್ತಾರೆ. ಬೆಡ್‌ಪ್ಯಾನ್ ಹಿಡಿದು ನಾನು ಹತ್ತಿರ ಹೋದಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಉಳಿದ ಮಗ್ಗ ನಿಲ್ಲದೆ ಓಡುತ್ತಿರುತ್ತದೆ.